ಬಿಲ್ಲುಗಾರನ ಮುಂದೆ ಸತ್ತು ಬಿದ್ದಿರುವುದು ‘ಕಾಡುಕೋಣ’ವೇ? ಫಾರ್ವರ್ಡ್ ಚಿತ್ರ ಹೇಳದ ಸಂಗತಿಗಳು

ಕಪ್ಪು ಮೈಯ, ಅಗಲ ಕೊಂಬಿನ ಭಾರೀ ಪ್ರಾಣಿಯೊಂದು ಒಣಹುಲ್ಲಿನ ಮೇಲೆ ಸತ್ತು ಬಿದ್ದಿದೆ. ಅದರ ಹಿಂದೆ ಮಂಡಿಯೂರಿ ಕುಳಿತವನ ಕೈಯಲ್ಲಿ ಗಾಲಿಗಳಿರುವ ಆಧುನಿಕ ಬಿಲ್ಲು, ಮುಖದಲ್ಲಿ ನಗು. ಇಂಥ ಚಿತ್ರ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಜೊತೆಗೊಂದು ಒಕ್ಕಣೆಯೂ ಇರುತ್ತದೆ. ಒಮ್ಮೆ ‘ಅಳಿವಿನಂಚಿನ ಕಾಡುಕೋಣವನ್ನು ಕೊಂದ ಪಾಪಿ, ಎಲ್ಲರಿಗೂ ಶೇರ್ ಮಾಡಿ’ ಎಂದು. ಇನ್ನೊಮ್ಮೆ ‘ಒಂದೇ ಬಾಣಕ್ಕೆ ಒಂದು ಟನ್ ಪ್ರಾಣಿ ಉರುಳಿಸಿದ ವೀರ’ ಎಂದು. ಮತ್ತೊಮ್ಮೆ ‘ಹೊರದೇಶಗಳಲ್ಲಿ ಬೇಟೆಯಿಂದಲೇ ಕಾಡು ಉಳಿದಿದೆ, ನಮ್ಮಲ್ಲೂ ಬೇಟೆಗೆ ಅವಕಾಶ ಕೊಡಬೇಕು’ ಎಂದು.

ಚಿತ್ರ ನಿಜವೇ ಇರಬಹುದು. ವಿದೇಶಗಳಲ್ಲಿ ಹಣ ಕೊಟ್ಟು, ಮಾರ್ಗದರ್ಶಿಯ ಜೊತೆ ಹೋಗಿ, ಬಿಲ್ಲಿನಿಂದ ಎಮ್ಮೆ ಬೇಟೆಯಾಡುವ ಪ್ರವಾಸಗಳು ಇರುವುದಂತೂ ನಿಜ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಆಸ್ಟ್ರೇಲಿಯಾದ ಉತ್ತರ ತುದಿಯ ನಾರ್ದರ್ನ್ ಟೆರಿಟರಿ. ಆದರೆ ಮೇಲಿನ ಮೂರು ಒಕ್ಕಣೆಗಳಲ್ಲಿ ಒಂದೂ ಪೂರ್ತಿ ಸರಿಯಲ್ಲ. ಯಾಕೆ ಎಂದು ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಆಸ್ಟ್ರೇಲಿಯಾದಲ್ಲಿ ಬೇಟೆಯಾಡುವುದು ಅಳಿವಿನಂಚಿನ ವನ್ಯಜೀವಿಯನ್ನಲ್ಲ. ಸುಮಾರು 200 ವರ್ಷಗಳ ಹಿಂದೆ ಹಡಗಿನಲ್ಲಿ ತಂದು ಬಿಟ್ಟುಹೋದ ಸಾಕು ಎಮ್ಮೆಗಳ ಸಂತತಿ ಅದು.
• ಅಳಿವಿನಂಚಿನಲ್ಲಿರುವ ಅಸಲಿ ಕಾಡೆಮ್ಮೆಗಳಲ್ಲಿ ಹೆಚ್ಚಿನವು ಇರುವುದು ನಮ್ಮ ದೇಶದಲ್ಲೇ, ಮುಖ್ಯವಾಗಿ ಅಸ್ಸಾಂನಲ್ಲಿ.
• ಬಾಣ ಬಡಿತದಿಂದ ಕೊಲ್ಲುವುದಿಲ್ಲ, ರಕ್ತಸ್ರಾವದಿಂದ ಕೊಲ್ಲುತ್ತದೆ. ಮಾರ್ಗದರ್ಶಿಯ ಕೈಯಲ್ಲಿ ಸಾಮಾನ್ಯವಾಗಿ ದೊಡ್ಡ ರೈಫಲ್ ಇರುತ್ತದೆ.
• ಕೊಂಬಿಗಾಗಿ ಮುದಿ ಕೋಣಗಳನ್ನು ಹೊಡೆಯುವುದರಿಂದ ಎಮ್ಮೆಗಳ ಸಂಖ್ಯೆ ಇಳಿಯುವುದಿಲ್ಲ.
• ಭಾರತದಲ್ಲಿ ವನ್ಯಪ್ರಾಣಿ ಬೇಟೆ ಅಪರಾಧ. ಬಂದೂಕಾದರೂ ಅಷ್ಟೇ, ಬಿಲ್ಲಾದರೂ ಅಷ್ಟೇ.

ಹೆಸರಿನ ಗೊಂದಲ: ನಾಲ್ಕು ಪ್ರಾಣಿ, ಒಂದೇ ಒಕ್ಕಣೆ

ಗೊಂದಲ ಶುರುವಾಗುವುದೇ ಹೆಸರಿನಿಂದ. ಕನ್ನಡದಲ್ಲಿ ಕಾಡುಕೋಣ, ಕಾಟಿ, ಕಾಡೆಮ್ಮೆ ಎಂಬ ಪದಗಳನ್ನು ಒಂದರ ಬದಲು ಇನ್ನೊಂದು ಬಳಸುವುದು ರೂಢಿ. ಫಾರ್ವರ್ಡ್ ಬರೆಯುವವರು ಈ ಎಲ್ಲ ಹೆಸರನ್ನೂ ದೊಡ್ಡ ಕೊಂಬಿನ ಯಾವ ಪ್ರಾಣಿಗೆ ಬೇಕಾದರೂ ಅಂಟಿಸುತ್ತಾರೆ. ಆದರೆ ಇಲ್ಲಿ ನಾಲ್ಕು ಬೇರೆ ಬೇರೆ ಪ್ರಾಣಿಗಳಿವೆ.

ಮೊದಲನೆಯದು, ಬಂಡೀಪುರ, ನಾಗರಹೊಳೆ ಮತ್ತು ಮಲೆನಾಡಿನ ಕಾಡುಗಳಲ್ಲಿ ನಾವು ನೋಡುವ ಕಾಡುಕೋಣ ಅಥವಾ ಕಾಟಿ. ವಿಜ್ಞಾನಿಗಳು ಇದನ್ನು ಬಾಸ್ ಗಾರಸ್ ಎನ್ನುತ್ತಾರೆ. ಹೆಸರಿನಲ್ಲಿ ಕೋಣ ಇದ್ದರೂ ಇದು ಎಮ್ಮೆಯ ಜಾತಿಯಲ್ಲ, ಹಸು-ಎತ್ತುಗಳ ಬಳಗದ್ದು. ಬೆನ್ನಿನ ಮೇಲೆ ಎದ್ದು ಕಾಣುವ ಮಾಂಸಲ ದಿಬ್ಬ, ಮೇಲಕ್ಕೆ ಬಾಗಿ ತುದಿಯಲ್ಲಿ ಒಳಮುಖವಾಗುವ ದುಂಡು ಕೊಂಬು ಇದರ ಗುರುತು.

ಎರಡನೆಯದು, ಆಫ್ರಿಕಾದ ಕೇಪ್ ಬಫೆಲೊ. ಎರಡು ಕೊಂಬುಗಳ ಬುಡ ಹಣೆಯ ಮೇಲೆ ಕೂಡಿಕೊಂಡು ಶಿರಸ್ತ್ರಾಣ ಹಾಕಿದಂತೆ ಕಾಣುತ್ತದೆ. ಇದು ಬೇರೆಯದೇ ಕುಲ. ಇದನ್ನು ಯಾರೂ ಪಳಗಿಸಿಲ್ಲ.

ಮೂರನೆಯದು, ಅಸಲಿ ಕಾಡೆಮ್ಮೆ, ಬುಬಾಲಸ್ ಆರ್ನಿ. ನಮ್ಮ ಕೊಟ್ಟಿಗೆಯ ಎಮ್ಮೆಗಳ ಮೂಲ ಪೂರ್ವಜ ಇದೇ. ಕಾಜಿರಂಗಾ, ಮಾನಸ್, ಡಿಬ್ರು-ಸೈಖೋವಾ ಕಾಡುಗಳಲ್ಲಿ, ಛತ್ತೀಸ್‌ಗಢದ ಕೆಲವು ಕಡೆ, ನೇಪಾಳದ ಕೋಶಿ ಟಪ್ಪುವಿನಲ್ಲಿ, ಥಾಯ್ಲೆಂಡ್‌ನ ಕಾಡೊಂದರಲ್ಲಿ ಉಳಿದುಕೊಂಡಿದೆ.

ನಾಲ್ಕನೆಯದು ಸಾಕು ಎಮ್ಮೆ, ಬುಬಾಲಸ್ ಬುಬಾಲಿಸ್. ಇದರಲ್ಲಿ ಎರಡು ಬಗೆ. ಭಾರತದ ಹೈನು ಎಮ್ಮೆಗಳು ಹೆಚ್ಚಾಗಿ ‘ನದಿ’ ಬಗೆಯವು. ಆಗ್ನೇಯ ಏಷ್ಯಾದ ಗದ್ದೆ ಉಳುವ ಎಮ್ಮೆಗಳು ‘ಜೌಗು’ ಬಗೆಯವು. ನದಿ ಬಗೆಗೆ 50 ವರ್ಣತಂತುಗಳು, ಜೌಗು ಬಗೆಗೆ 48. ಎರಡರ ಕೊಂಬೂ ಚಪ್ಪಟೆ, ಅಡ್ಡಗೆರೆಗಳಿಂದ ಕೂಡಿದ್ದು. ಜೌಗು ಎಮ್ಮೆಯ ಕೊಂಬು ಅರ್ಧಚಂದ್ರನಂತೆ ಅಗಲವಾಗಿ ಹಿಂದಕ್ಕೆ ಬಾಗುತ್ತದೆ.

ಆಸ್ಟ್ರೇಲಿಯಾದ ಬೇಟೆಯ ಚಿತ್ರಗಳಲ್ಲಿ ಇರುವುದು ಈ ನಾಲ್ಕನೆಯದು. ಅಂದರೆ ಆ ಪ್ರಾಣಿ ಬಂಡೀಪುರದ ಕಾಟಿಗಿಂತ ಧಾರವಾಡ ಪೇಡೆಗೆ ಹಾಲು ಕೊಡುವ ಎಮ್ಮೆಗೆ, ಕಂಬಳದ ಗದ್ದೆಯಲ್ಲಿ ಓಡುವ ಕೋಣಕ್ಕೆ ಹತ್ತಿರದ ನೆಂಟ. ‘ಕಾಡು’ ಎಂಬುದು ಅದು ಈಗಿರುವ ಜಾಗದ ಹೆಸರು, ಅದರ ಹುಟ್ಟಿನ ಹೆಸರಲ್ಲ.

ಸಾಕು ಎಮ್ಮೆ ಆಸ್ಟ್ರೇಲಿಯಾದ ಕಾಡು ಸೇರಿದ್ದು ಹೇಗೆ?

ಆಸ್ಟ್ರೇಲಿಯಾದಲ್ಲಿ ಎಮ್ಮೆ ಮೂಲತಃ ಇರಲೇ ಇಲ್ಲ. ಹಸು, ಕುರಿ, ಕುದುರೆಯೂ ಇರಲಿಲ್ಲ. 1824ರಲ್ಲಿ ಬ್ರಿಟಿಷರು ಉತ್ತರ ತೀರದ ಮೆಲ್ವಿಲ್ ದ್ವೀಪದಲ್ಲಿ ಫೋರ್ಟ್ ಡಂಡಾಸ್ ಎಂಬ ಠಾಣೆ ಕಟ್ಟಿದರು. ಆಮೇಲೆ ಕೋಬರ್ಗ್ ಪರ್ಯಾಯ ದ್ವೀಪದಲ್ಲೂ ಠಾಣೆಗಳನ್ನು ಕಟ್ಟಿದರು. ಅಲ್ಲಿನ ಸೈನಿಕರ ಊಟಕ್ಕೆ, ದುಡಿಮೆಗೆ ಬೇಕೆಂದು ತಿಮೋರ್ ಮತ್ತು ಅದರ ಸುತ್ತಲಿನ ದ್ವೀಪಗಳಿಂದ ಎಮ್ಮೆಗಳನ್ನು ತಂದರು. 1820ರಿಂದ 1840ರ ದಶಕಗಳ ನಡುವೆ ಬಂದ ಎಮ್ಮೆಗಳು ನೂರನ್ನೂ ಮುಟ್ಟಲಿಲ್ಲ.

ಠಾಣೆಗಳು ನಿಲ್ಲಲಿಲ್ಲ. ಸೆಕೆ, ಕಾಯಿಲೆ, ಸರಕಿನ ಕೊರತೆಯಿಂದ ಒಂದೊಂದಾಗಿ ಮುಚ್ಚಿದವು. ಕೊನೆಯದಾದ ಪೋರ್ಟ್ ಎಸಿಂಗ್ಟನ್ ಅನ್ನು 1849ರಲ್ಲಿ ತೊರೆದರು. ಜನ ಹಡಗು ಹತ್ತಿದರು, ಎಮ್ಮೆಗಳು ಉಳಿದವು. ಮುಂದೆ ಸಿಕ್ಕಿದ್ದು ಎಮ್ಮೆಗೆ ಹೇಳಿ ಮಾಡಿಸಿದ ನೆಲ. ಮಳೆಗಾಲದಲ್ಲಿ ನೀರು ತುಂಬುವ ವಿಶಾಲ ಜೌಗು ಬಯಲು, ಬೇಕಾದಷ್ಟು ಹುಲ್ಲು, ಹುಲಿಯಂಥ ಶತ್ರುವಿಲ್ಲ. ಉಪ್ಪುನೀರಿನ ಮೊಸಳೆ ಕರುಗಳನ್ನು ಹಿಡಿಯುತ್ತದೆ ನಿಜ, ಆದರೆ ಬೆಳೆದ ಕೋಣವನ್ನು ಕೆಡವುವಂಥ ಪ್ರಾಣಿ ಆ ನೆಲದ ಮೇಲಿಲ್ಲ.

1880ರ ದಶಕದಿಂದ 1950ರ ದಶಕದವರೆಗೆ ಅಲ್ಲಿ ಎಮ್ಮೆಯ ಚರ್ಮದ ದಂಧೆ ನಡೆಯಿತು. ಕುದುರೆಯ ಮೇಲೆ ಬೆನ್ನಟ್ಟಿ ಗುಂಡು ಹೊಡೆಯುತ್ತಿದ್ದರು. ಚರ್ಮ ಸುಲಿದು ಉಪ್ಪು ಹಚ್ಚುವ ಕಷ್ಟದ ಕೆಲಸ ಹೆಚ್ಚಾಗಿ ಅಲ್ಲಿನ ಮೂಲನಿವಾಸಿಗಳ ಪಾಲಿಗೆ ಬರುತ್ತಿತ್ತು. ದಪ್ಪ ಚರ್ಮ ಕಾರ್ಖಾನೆಯ ಯಂತ್ರಗಳ ಪಟ್ಟಿಗಳಿಗೆ ಹೋಗುತ್ತಿತ್ತು. ಚರ್ಮಕ್ಕೆ ಬೇಡಿಕೆ ಕುಸಿದ ಮೇಲೆ ಎಮ್ಮೆಗಳು ಮತ್ತೆ ಹೆಚ್ಚಿದವು. 1980ರ ದಶಕದ ಮಧ್ಯಕ್ಕೆ ಅವುಗಳ ಸಂಖ್ಯೆ ಮೂರು ಲಕ್ಷ ದಾಟಿತ್ತು ಎಂಬುದು ವಿಮಾನದಿಂದ ನಡೆಸಿದ ಸಮೀಕ್ಷೆಯ ಅಂದಾಜು.

ಆಗ ಸರ್ಕಾರ ಎಚ್ಚೆತ್ತದ್ದು ಕಾಡಿನ ಕಾಳಜಿಗಿಂತ ಹೆಚ್ಚಾಗಿ ರೋಗದ ಭಯದಿಂದ. ಎಮ್ಮೆಗಳಲ್ಲಿ ಕ್ಷಯವಿತ್ತು. ಅದು ದನಗಳಿಗೆ ಹರಡಿದರೆ ಮಾಂಸದ ರಫ್ತಿಗೆ ಪೆಟ್ಟು. 1970ರಿಂದ 1997ರವರೆಗೆ ನಡೆದ ಕ್ಷಯ ಮತ್ತು ಬ್ರೂಸೆಲ್ಲೋಸಿಸ್ ನಿರ್ಮೂಲನಾ ಕಾರ್ಯಕ್ರಮದಲ್ಲಿ ಲಕ್ಷಾಂತರ ಪ್ರಾಣಿಗಳನ್ನು ಹಿಡಿದು ಸಾಗಿಸಿದರು ಅಥವಾ ಹೆಲಿಕಾಪ್ಟರ್‌ನಿಂದ ಗುಂಡಿಟ್ಟು ಕೊಂದರು. ರೋಗ ಹೋಯಿತು, ಎಮ್ಮೆ ಪೂರ್ತಿ ಹೋಗಲಿಲ್ಲ. ಪೂರ್ವದ ಆರ್ನೆಮ್ ಲ್ಯಾಂಡ್‌ನಲ್ಲಿ ಉಳಿದವುಗಳಿಂದ ಸಂಖ್ಯೆ ಮತ್ತೆ ಬೆಳೆಯಿತು. 2014ರ ಸಮೀಕ್ಷೆ ಆರ್ನೆಮ್ ಲ್ಯಾಂಡ್ ಒಂದರಲ್ಲೇ ಸುಮಾರು ಒಂದು ಲಕ್ಷ ಎಮ್ಮೆಗಳಿವೆ ಎಂದು ಅಂದಾಜಿಸಿತು.

ಹಾಗಾಗಿ ‘ಅಳಿವಿನಂಚಿನ ಪ್ರಾಣಿಯನ್ನು ಕೊಂದ’ ಎಂಬ ಮಾತು ಈ ಚಿತ್ರಗಳಿಗೆ ಹೊಂದುವುದಿಲ್ಲ.

ಎಮ್ಮೆಯಿಂದ ಕಾಡಿಗೇನು ತೊಂದರೆ?

ನಮ್ಮೂರ ಕೆರೆಯಲ್ಲಿ ಎಮ್ಮೆ ಮಲಗಿದರೆ ಯಾರಿಗೂ ನಷ್ಟವಿಲ್ಲ. ಅದೇ ಎಮ್ಮೆ ಸಾವಿರಗಟ್ಟಲೆ ಸೇರಿ ಎಮ್ಮೆಯನ್ನೇ ಕಾಣದ ಜೌಗಿಗೆ ಇಳಿದರೆ ಲೆಕ್ಕ ಬೇರೆ.

ಎಮ್ಮೆ ದಿನವೂ ಒಂದೇ ಜಾಡಿನಲ್ಲಿ ನೀರಿಗೆ ಇಳಿದು ಹತ್ತುತ್ತದೆ. ಆ ಜಾಡು ಆಳವಾಗುತ್ತಾ ಕಾಲುವೆಯಾಗುತ್ತದೆ. ಉತ್ತರ ಆಸ್ಟ್ರೇಲಿಯಾದ ಸಿಹಿನೀರಿನ ಬಯಲುಗಳು ಸಮುದ್ರ ಮಟ್ಟಕ್ಕಿಂತ ಹೆಚ್ಚು ಎತ್ತರದಲ್ಲಿಲ್ಲ. ಸಮುದ್ರಕ್ಕೂ ಬಯಲಿಗೂ ನಡುವೆ ಇರುವುದು ಮಣ್ಣಿನ ತಗ್ಗು ದಿಬ್ಬಗಳು ಮಾತ್ರ. ಎಮ್ಮೆಯ ಜಾಡು ಆ ದಿಬ್ಬವನ್ನು ಕೊರೆದರೆ ಉಬ್ಬರದ ಉಪ್ಪುನೀರು ಒಳಕ್ಕೆ ನುಗ್ಗುತ್ತದೆ, ಸಿಹಿನೀರು ಹೊರಕ್ಕೆ ಬಸಿದುಹೋಗುತ್ತದೆ. ಸಿಹಿನೀರನ್ನೇ ನಂಬಿದ ಪೇಪರ್‌ಬಾರ್ಕ್ ಮರಗಳು ನಿಂತಲ್ಲೇ ಒಣಗುತ್ತವೆ. ಕಾಡು ಭತ್ತ, ಜೌಗಿನ ಗೆಡ್ಡೆಗಳು ನಾಶವಾಗುತ್ತವೆ. ಅವನ್ನು ತಿಂದು ಬದುಕುವ ಮ್ಯಾಗ್‌ಪೈ ಬಾತುಗಳಿಗೆ ಆಹಾರ ತಪ್ಪುತ್ತದೆ. ಆ ಬಾತು, ಆ ಗೆಡ್ಡೆ, ಆಮೆ, ಮೀನುಗಳನ್ನು ನಂಬಿದ ಮೂಲನಿವಾಸಿ ಕುಟುಂಬಗಳ ಊಟಕ್ಕೂ ಅದು ತಟ್ಟುತ್ತದೆ.

ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಕಕಾಡು ರಾಷ್ಟ್ರೀಯ ಉದ್ಯಾನದಲ್ಲಿ ಎಮ್ಮೆಗಳನ್ನು ತೆಗೆದ ಮೇಲೆ ಜೌಗಿನ ಗಿಡಗಳು ಮತ್ತೆ ಚಿಗುರಿದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಆದರೆ ಕಥೆ ಅಲ್ಲಿಗೇ ಸುಖಾಂತ್ಯವಾಗಲಿಲ್ಲ. ಮೇಯುವ ಬಾಯಿಗಳು ಇಲ್ಲವಾದ ಕೆಲವೆಡೆ ಪ್ಯಾರಾ ಹುಲ್ಲಿನಂಥ ಹೊರಗಿನ ಹುಲ್ಲುಗಳು ಹಬ್ಬಿದವು, ಒಣಹುಲ್ಲು ರಾಶಿಯಾಗಿ ಬೆಂಕಿಯ ಅಪಾಯ ಹೆಚ್ಚಿತು. ಒಮ್ಮೆ ಕೆಡಿಸಿದ ನೆಲ ಮೊದಲಿನಂತೆ ಆಗುವುದು ಸುಲಭವಲ್ಲ.

ಮಾರ್ಗದರ್ಶಿ ಬೇಟೆ ಎಂದರೇನು?

ಬಿಲ್ಲು ಹಿಡಿದು ಯಾರು ಬೇಕಾದರೂ ಕಾಡಿಗೆ ನುಗ್ಗಬಹುದು ಎಂದುಕೊಳ್ಳಬೇಡಿ. ಆರ್ನೆಮ್ ಲ್ಯಾಂಡ್‌ನ ವಿಸ್ತೀರ್ಣ ಸುಮಾರು 97,000 ಚದರ ಕಿಲೋಮೀಟರ್, ಅಂದರೆ ಸರಿಸುಮಾರು ಅರ್ಧ ಕರ್ನಾಟಕ. ಇದು ಮೂಲನಿವಾಸಿಗಳ ನೆಲ. 1976ರ ಭೂಹಕ್ಕು ಕಾಯ್ದೆಯ ಪ್ರಕಾರ ಒಡೆತನ ಅವರದು. ಹೊರಗಿನವರು ಒಳಗೆ ಕಾಲಿಡಲೂ ಪರವಾನಗಿ ಬೇಕು. ಬೇಟೆ ಪ್ರವಾಸ ನಡೆಸುವ ಸಂಸ್ಥೆಗಳು ನೆಲದ ಸಾಂಪ್ರದಾಯಿಕ ಒಡೆಯರ ಜೊತೆ, ನಾರ್ದರ್ನ್ ಲ್ಯಾಂಡ್ ಕೌನ್ಸಿಲ್ ಮೂಲಕ ಒಪ್ಪಂದ ಮಾಡಿಕೊಳ್ಳುತ್ತವೆ. ಪ್ರವಾಸಿ ಕೊಡುವ ಹಣದಲ್ಲಿ ಒಂದು ಪಾಲು ಒಡೆಯರಿಗೆ ಹೋಗುತ್ತದೆ.

ಬೇಟೆ ನಡೆಯುವುದು ಹೆಚ್ಚಾಗಿ ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಒಣ ಋತುವಿನಲ್ಲಿ. ಮಳೆಗಾಲದಲ್ಲಿ ರಸ್ತೆಗಳೇ ಮುಳುಗುತ್ತವೆ. ಡಾರ್ವಿನ್ ನಗರದಿಂದ ಸಣ್ಣ ವಿಮಾನದಲ್ಲೋ ಜೀಪಿನಲ್ಲೋ ಶಿಬಿರಕ್ಕೆ ಹೋಗಿ, ಹಲವು ದಿನ ಅಲ್ಲಿದ್ದು, ಗಾಳಿಯ ದಿಕ್ಕು ನೋಡಿಕೊಂಡು ಕಾಲ್ನಡಿಗೆಯಲ್ಲಿ ಹಿಂಬಾಲಿಸುತ್ತಾರೆ. ಎಮ್ಮೆಗೆ ಮೂಗು ಚುರುಕು. ಗಾಳಿ ತಿರುಗಿದರೆ ಅಂದಿನ ಬೇಟೆ ಮುಗಿದಂತೆ.

ಪ್ರವಾಸಿಗಳಿಗೆ ಬೇಕಾದದ್ದು ಸಾಮಾನ್ಯವಾಗಿ ದೊಡ್ಡ ಕೊಂಬಿನ ಮುದಿ ಕೋಣ. ತಲೆಬುರುಡೆ ಮತ್ತು ಕೊಂಬು ಗೋಡೆಗೆ ಹೋಗುತ್ತವೆ. ಮಾಂಸವನ್ನು ಶಿಬಿರದಲ್ಲಿ ಬಳಸುವ, ಹತ್ತಿರದ ಹಳ್ಳಿಗೆ ಕೊಡುವ ರೂಢಿಯೂ ಇದೆ. ದೂರದ ಜಾಗವಾದರೆ ಒಂದು ಟನ್ ತೂಕದ ದೇಹವನ್ನು ಸಾಗಿಸುವುದು ಕಷ್ಟ, ಬಹುಪಾಲು ಅಲ್ಲೇ ಉಳಿಯುತ್ತದೆ.

ಅರ್ಜೆಂಟೀನಾದಲ್ಲೂ ಎಮ್ಮೆ ಬೇಟೆಯ ಪ್ರವಾಸಗಳಿವೆ. ಅಲ್ಲಿಯೂ ಎಮ್ಮೆ ಹೊರಗಿನಿಂದ ತಂದ ಪ್ರಾಣಿಯೇ.

‘ಒಂದೇ ಬಾಣಕ್ಕೆ ಉರುಳಿತು’: ಲೆಕ್ಕ ಹಾಕಿ ನೋಡೋಣ

ಈ ಬೇಟೆಗೆ ಬಳಸುವುದು ಕಾಂಪೌಂಡ್ ಬಿಲ್ಲು. ಎರಡು ತುದಿಯಲ್ಲೂ ಓರೆ ಆಕಾರದ ಗಾಲಿಗಳಿರುತ್ತವೆ. ಎಳೆಯಲು 30ರಿಂದ 36 ಕಿಲೋ ತೂಕ ಎತ್ತುವಷ್ಟು ಬಲ ಬೇಕು. ಆದರೆ ಪೂರ್ತಿ ಎಳೆದ ಮೇಲೆ ಗಾಲಿಗಳು ಭಾರವನ್ನು ತಾವೇ ಹೊತ್ತುಕೊಳ್ಳುತ್ತವೆ. ಕೈಗೆ ಉಳಿಯುವುದು ಅದರ ಐದನೇ ಒಂದು ಭಾಗದಷ್ಟು ಮಾತ್ರ. ಹಾಗಾಗಿ ನಿಧಾನವಾಗಿ ಗುರಿ ಹಿಡಿಯಬಹುದು.

ಈಗ ಬಾಣದ ಶಕ್ತಿ ಎಷ್ಟೆಂದು ನೋಡಿ. 50 ಗ್ರಾಂ ತೂಕದ ಬಾಣ ಸೆಕೆಂಡಿಗೆ 65 ಮೀಟರ್ ವೇಗದಲ್ಲಿ ಹೋದರೆ ಅದರ ಚಲನಶಕ್ತಿ ಸುಮಾರು 105 ಜೂಲ್. 160 ಗ್ರಾಂ ತೂಕದ ಕ್ರಿಕೆಟ್ ಚೆಂಡನ್ನು ಗಂಟೆಗೆ 130 ಕಿಲೋಮೀಟರ್ ವೇಗದಲ್ಲಿ ಎಸೆದರೆ ಬರುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ! ದೊಡ್ಡ ಪ್ರಾಣಿಗಳ ಬೇಟೆಗೆ ಬಳಸುವ .375 ರೈಫಲ್‌ನ ಗುಂಡಿಗೆ ಸುಮಾರು 5,500ರಿಂದ 6,000 ಜೂಲ್ ಶಕ್ತಿ ಇರುತ್ತದೆ. ಅಂದರೆ ಬಾಣದ 50 ಪಟ್ಟಿಗಿಂತ ಹೆಚ್ಚು.

ಹಾಗಾದರೆ ಕ್ರಿಕೆಟ್ ಚೆಂಡು ಬಡಿದರೆ ಅಲುಗಾಡದ ಎಮ್ಮೆ ಬಾಣಕ್ಕೆ ಸಾಯುವುದು ಹೇಗೆ? ವ್ಯತ್ಯಾಸ ಇರುವುದು ಅಲಗಿನಲ್ಲಿ. ಚೆಂಡಿನ ಶಕ್ತಿ ಅಂಗೈಯಗಲದ ಜಾಗಕ್ಕೆ ಹರಡಿಹೋಗುತ್ತದೆ. ಬಾಣದ ತುದಿಯ ಬ್ಲೇಡು ಅದೇ ಶಕ್ತಿಯನ್ನು ಕೂದಲೆಳೆಯಷ್ಟು ತೆಳುವಾದ ಅಂಚಿನ ಮೇಲೆ ಇಡುತ್ತದೆ, ಚರ್ಮ, ಸ್ನಾಯು, ಶ್ವಾಸಕೋಶಗಳನ್ನು ಕತ್ತರಿಸುತ್ತಾ ಒಳಗೆ ಹೋಗುತ್ತದೆ. ಬಾಣ ಕೆಡವುವುದಿಲ್ಲ, ಕತ್ತರಿಸುತ್ತದೆ. ಸಾವು ಬರುವುದು ರಕ್ತ ಸೋರಿ, ಶ್ವಾಸಕೋಶ ಕುಸಿದು, ಮಿದುಳಿಗೆ ಆಮ್ಲಜನಕ ತಪ್ಪಿ.

ಅದಕ್ಕೇ ಬಿಲ್ಲುಗಾರರು 20-30 ಮೀಟರ್‌ನಷ್ಟು ಹತ್ತಿರ ಹೋಗುತ್ತಾರೆ. ಗುರಿ ಮುಂಗಾಲಿನ ಹಿಂದೆ, ಹೃದಯ ಮತ್ತು ಶ್ವಾಸಕೋಶದ ಭಾಗಕ್ಕೆ. ಎಮ್ಮೆಯ ಪಕ್ಕೆಲುಬುಗಳು ಅಗಲ, ಚರ್ಮ ದಪ್ಪ. ಬಾಣ ಭುಜದ ಮೂಳೆಗೆ ಬಡಿದರೆ ಅಲ್ಲೇ ನಿಲ್ಲಬಹುದು. ಗಾಯಗೊಂಡ ಕೋಣ ಓಡಿಹೋಗಬಹುದು, ಅಥವಾ ಮನುಷ್ಯನ ಮೇಲೇ ನುಗ್ಗಬಹುದು. ಹಾಗಾಗಿ ಚಿತ್ರದಲ್ಲಿ ಕಾಣದ ಒಬ್ಬರು ಸಾಮಾನ್ಯವಾಗಿ ಪಕ್ಕದಲ್ಲಿರುತ್ತಾರೆ. ಅವರೇ ದೊಡ್ಡ ರೈಫಲ್ ಹಿಡಿದ ಮಾರ್ಗದರ್ಶಿ. ‘ಬರೀ ಬಿಲ್ಲಿನಿಂದ ಎದುರಿಸಿದ ವೀರ’ ಎಂಬ ಒಕ್ಕಣೆ ಬಿಟ್ಟುಬಿಡುವುದು ಇವರನ್ನೇ.

ಪ್ರಾಣಿಗೆ ನೋವಾಗುವುದಿಲ್ಲವೇ?

‘ಹರಿತ ಬಾಣ, ಎಮ್ಮೆಗೆ ಗೊತ್ತೇ ಆಗುವುದಿಲ್ಲ’ ಎಂದು ಬೇಟೆಯ ಪರ ಇರುವವರು ಹೇಳುವುದುಂಟು. ಇದನ್ನು ಹಾಗೇ ಒಪ್ಪುವಂತಿಲ್ಲ. ಎಮ್ಮೆಯೂ ಸಸ್ತನಿ. ನೋವನ್ನು ಗ್ರಹಿಸುವ ನರವ್ಯವಸ್ಥೆ ಅದಕ್ಕೂ ಇದೆ.

ಬಾಣ ಎರಡೂ ಶ್ವಾಸಕೋಶಗಳನ್ನು ಕತ್ತರಿಸಿದರೆ ಪ್ರಜ್ಞೆ ಬೇಗ ತಪ್ಪುತ್ತದೆ. ಆದರೂ ಮಿದುಳಿಗೆ ಗುಂಡು ಬಿದ್ದಷ್ಟು ಬೇಗವಲ್ಲ. ದನದ ಬಳಗದ ಪ್ರಾಣಿಗಳಲ್ಲಿ ದೇಹತೂಕದ ಶೇಕಡಾ 6ರ ಆಸುಪಾಸು ರಕ್ತ ಇರುತ್ತದೆ. 700 ಕಿಲೋ ತೂಕದ ಕೋಣ ಎಂದರೆ ಸುಮಾರು 40 ಲೀಟರ್. ಅಷ್ಟು ದೊಡ್ಡ ದೇಹದಲ್ಲಿ ರಕ್ತದ ಒತ್ತಡ ಕುಸಿಯಲು ಸಮಯ ಹಿಡಿಯುತ್ತದೆ. ಬಾಣ ಹೊಟ್ಟೆಗೋ ತೊಡೆಗೋ ಬಿದ್ದರೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಾಟ.

ಈ ಕಾರಣಕ್ಕೇ ಬಿಲ್ಲಿನ ಬೇಟೆ ಎಲ್ಲೆಡೆ ಒಪ್ಪಿತವಲ್ಲ. ಬ್ರಿಟನ್‌ನಲ್ಲಿ ಇದು ಕಾನೂನುಬಾಹಿರ. ಆಸ್ಟ್ರೇಲಿಯಾದೊಳಗೇ ಟಾಸ್ಮೇನಿಯಾ ರಾಜ್ಯ ಇದನ್ನು ನಿಷೇಧಿಸಿದೆ. ಪ್ರಾಣಿ ಹೊರಗಿನದು, ಅದರಿಂದ ಹಾನಿ ಇದೆ ಎಂಬುದು ಅದರ ಸಂಖ್ಯೆ ತಗ್ಗಿಸಲು ಕಾರಣವಾಗಬಹುದು. ಹೇಗೆ ಕೊಂದರೂ ಸರಿ ಎನ್ನಲು ಕಾರಣವಾಗುವುದಿಲ್ಲ. ಇವೆರಡು ಬೇರೆ ಬೇರೆ ಪ್ರಶ್ನೆಗಳು.

‘ಬೇಟೆಯಿಂದಲೇ ಕಾಡು ಉಳಿಯುತ್ತದೆ’: ಎಷ್ಟು ನಿಜ?

ಅರ್ಧ ನಿಜ. ಅದರಲ್ಲೂ ಯಾವ ಅರ್ಧ ಎಂದು ತಿಳಿಯುವುದು ಮುಖ್ಯ.

ಸಂಖ್ಯೆಯ ಲೆಕ್ಕ ತೆಗೆದುಕೊಳ್ಳಿ. ಎಮ್ಮೆಯ ಹಿಂಡು ಬೆಳೆಯುವುದು ಹೆಣ್ಣುಗಳಿಂದ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡಬಲ್ಲದು. ಕೊಂಬಿಗಾಗಿ ಒಂದು ಮುದಿ ಕೋಣವನ್ನು ಕೊಂದರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ, ಮುಂದಿನ ವರ್ಷದ ಕರುಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ಲಕ್ಷ ಎಮ್ಮೆಗಳಿರುವ ಕಡೆ ಹೆಣ್ಣು-ಗಂಡೆನ್ನದೆ ದೊಡ್ಡ ಪ್ರಮಾಣದಲ್ಲಿ ತೆಗೆದರಷ್ಟೇ ಸಂಖ್ಯೆ ಇಳಿಯುತ್ತದೆ. ಅದನ್ನು ಮಾಡುವುದು ಬಿಲ್ಲಲ್ಲ. ಹೆಲಿಕಾಪ್ಟರ್‌ನಿಂದ ಗುಂಡಿಡುವ ತಂಡಗಳು, ಜೀವಂತ ಹಿಡಿದು ಆಗ್ನೇಯ ಏಷ್ಯಾಕ್ಕೆ ರಫ್ತು ಮಾಡುವವರು. ವಾರ್ಡೆಕೆನ್‌ನಂಥ ಮೂಲನಿವಾಸಿ ರೇಂಜರ್ ಸಂಸ್ಥೆಗಳು ತಮ್ಮ ನೆಲದ ನೀರಿನ ಸೆಲೆಗಳನ್ನು ಉಳಿಸಲು ಈ ಕೆಲಸ ಮಾಡುತ್ತಿವೆ.

ಹಣದ ಲೆಕ್ಕಕ್ಕೆ ಬಂದರೆ ಬೇಟೆಯ ಪರ ಒಂದು ಗಟ್ಟಿ ಮಾತಿದೆ. ಕೆಲಸದ ಅವಕಾಶ ಕಡಿಮೆ ಇರುವ ದೂರದ ಹಳ್ಳಿಗಳಲ್ಲಿ ನೆಲದ ಒಡೆಯರಿಗೆ ಇದರಿಂದ ಆದಾಯ ಬರುತ್ತದೆ. ತಮ್ಮ ನೆಲದಲ್ಲಿ ಏನು ನಡೆಯಬೇಕು ಎಂದು ತೀರ್ಮಾನಿಸುವ ಹಕ್ಕು ಅವರದು. ಆದರೆ ಅವರಲ್ಲೂ ಒಂದೇ ಅಭಿಪ್ರಾಯವಿಲ್ಲ. ಕೆಲವರಿಗೆ ಎಮ್ಮೆ ಊಟ, ಕೆಲವರಿಗೆ ಆದಾಯ, ಕೆಲವರಿಗೆ ಅಜ್ಜಂದಿರ ಕಾಲದಿಂದ ಬಂದ ನಂಟು, ಇನ್ನು ಕೆಲವರಿಗೆ ಪವಿತ್ರ ಜಲಸ್ಥಾನಗಳನ್ನು ತುಳಿದು ಹಾಳುಮಾಡುವ ಪ್ರಾಣಿ. ಇದರಲ್ಲಿ ಒಂದು ತೊಡಕೂ ಇದೆ. ಎಮ್ಮೆಯಿಂದ ಆದಾಯ ಬರುತ್ತಿದ್ದರೆ, ದೊಡ್ಡ ಕೋಣಗಳು ಮುಂದೆಯೂ ಇರಲಿ ಎಂಬ ಆಸೆ ಸಹಜ. ಎಮ್ಮೆ ಕಡಿಮೆಯಾಗಬೇಕು ಎಂಬ ಗುರಿಗೆ ಅದು ಎದುರಾಗಿ ನಿಲ್ಲುತ್ತದೆ.

ಇದನ್ನು ಭಾರತಕ್ಕೆ ಅನ್ವಯಿಸಬಹುದೇ?

ಇಲ್ಲ. ಆಸ್ಟ್ರೇಲಿಯಾದಲ್ಲಿ ಎಮ್ಮೆ ಹೊರಗಿನದು. ಇಲ್ಲಿ ಅದರ ಪೂರ್ವಜ ಈ ಮಣ್ಣಿನದು, ಮತ್ತು ಅದು ಕಷ್ಟದಲ್ಲಿದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಬುಬಾಲಸ್ ಆರ್ನಿ ‘ಅಪಾಯಕ್ಕೊಳಗಾದ’ ವರ್ಗದಲ್ಲಿದೆ. ಇಡೀ ಜಗತ್ತಿನಲ್ಲಿ ಉಳಿದಿರುವುದು 4,000ಕ್ಕಿಂತ ಕಡಿಮೆ ಎಂದು ಅಂದಾಜು. ಆರ್ನೆಮ್ ಲ್ಯಾಂಡ್‌ನ ಒಂದು ಲಕ್ಷದ ಪಕ್ಕದಲ್ಲಿ ಈ ಸಂಖ್ಯೆ ಇಟ್ಟು ನೋಡಿ. ಸಾಕಿ ಬಿಟ್ಟ ಎಮ್ಮೆ ಪರದೇಶದಲ್ಲಿ ಲಕ್ಷವಾಯಿತು, ಅದರ ಮೂಲಪುರುಷ ತವರಿನಲ್ಲಿ ಕೆಲವೇ ಸಾವಿರಕ್ಕೆ ಇಳಿಯಿತು.

ಅಸಲಿ ಕಾಡೆಮ್ಮೆಗೆ ಜೌಗು ಹುಲ್ಲುಗಾವಲು ಕಡಿಮೆಯಾಗುತ್ತಿದೆ, ದನಕರುಗಳಿಂದ ರೋಗ ತಗಲುತ್ತದೆ. ಇವುಗಳ ಜೊತೆಗೆ ಇನ್ನೊಂದು ಅಪಾಯವಿದೆ, ಅದು ಸದ್ದಿಲ್ಲದ್ದು. ಕಾಡಂಚಿನಲ್ಲಿ ಮೇಯುವ ಸಾಕು ಎಮ್ಮೆಗಳ ಜೊತೆ ಅದು ಕೂಡುತ್ತದೆ. ಹುಟ್ಟುವ ಕರು ನೋಡಲು ಕಾಡೆಮ್ಮೆಯಂತೆಯೇ ಇದ್ದರೂ ತಳಿ ಬೆರೆತಿರುತ್ತದೆ. ಹೀಗೆ ಒಂದು ಪ್ರಾಣಿ ಯಾರೂ ಗುಂಡು ಹೊಡೆಯದೆ, ಬಾಣ ಬಿಡದೆ, ಫೋಟೊ ತೆಗೆಯದೆ ಇಲ್ಲವಾಗಬಲ್ಲದು. ಅದರ ಬಗ್ಗೆ ಫಾರ್ವರ್ಡ್ ಬರುವುದಿಲ್ಲ.

ಛತ್ತೀಸ್‌ಗಢಕ್ಕೆ ಕಾಡೆಮ್ಮೆ ರಾಜ್ಯಪ್ರಾಣಿ. ಆದರೂ ಅಲ್ಲಿ ಉಳಿದವು ಬೆರಳೆಣಿಕೆಯಷ್ಟು. ಅದಕ್ಕಾಗಿ 2020ರಲ್ಲಿ ಅಸ್ಸಾಂನ ಮಾನಸ್‌ನಿಂದ ಕಾಡೆಮ್ಮೆಗಳನ್ನು ಛತ್ತೀಸ್‌ಗಢದ ಬಾರ್ನವಾಪಾರಾಕ್ಕೆ ತರಲಾಯಿತು.

ಕಾನೂನಿನ ವಿಷಯದಲ್ಲಿ ಯಾವ ಅನುಮಾನವೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡೆಮ್ಮೆಯೂ ನಮ್ಮ ಕಾಡುಕೋಣವೂ ಮೊದಲನೇ ಪರಿಚ್ಛೇದದಲ್ಲಿವೆ. ಇವುಗಳ ಬೇಟೆಗೆ 3ರಿಂದ 7 ವರ್ಷದವರೆಗೆ ಜೈಲು ಮತ್ತು ದಂಡ. ‘ಬಿಲ್ಲು-ಬಾಣಕ್ಕೆ ಲೈಸೆನ್ಸ್ ಬೇಡ, ಹಾಗಾಗಿ ಅದರಿಂದ ಬೇಟೆಯಾಡಬಹುದು’ ಎಂಬುದು ಶುದ್ಧ ಸುಳ್ಳು. ಕಾಯ್ದೆ ಆಯುಧವನ್ನು ನೋಡುವುದಿಲ್ಲ. ಕೊಲ್ಲುವುದು, ಗಾಯಗೊಳಿಸುವುದು, ಬಲೆಗೆ ಕೆಡವುವುದು ಮಾತ್ರವಲ್ಲ, ಅದಕ್ಕೆ ಪ್ರಯತ್ನಿಸುವುದೂ ಅದರ ಲೆಕ್ಕದಲ್ಲಿ ಬೇಟೆಯೇ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಚಿತ್ರ ಬಂದರೆ ಒಂದು ನಿಮಿಷ ನಿಂತು ಈ ನಾಲ್ಕನ್ನು ನೋಡಿ.

1. ಕೊಂಬು ನೋಡಿ. ಚಪ್ಪಟೆಯಾಗಿ, ಗೆರೆಗಳಿಂದ ಕೂಡಿ, ಹಿಂದಕ್ಕೆ ಬಾಗಿದ್ದರೆ ಎಮ್ಮೆ. ಹಣೆಯ ಮೇಲೆ ಕೂಡಿಕೊಂಡಿದ್ದರೆ ಆಫ್ರಿಕಾದ ಕೇಪ್ ಬಫೆಲೊ. ಬೆನ್ನಿನ ಮೇಲೆ ದಿಬ್ಬವಿದ್ದು ಕೊಂಬು ಮೇಲಕ್ಕೆ ಬಾಗಿದ್ದರೆ ನಮ್ಮ ಕಾಟಿ.

2. ದೇಶ ಯಾವುದು? ಆಸ್ಟ್ರೇಲಿಯಾ ಅಥವಾ ಅರ್ಜೆಂಟೀನಾ ಆಗಿದ್ದರೆ ಅದು ಹೊರಗಿನಿಂದ ಬಂದ ಸಾಕು ಎಮ್ಮೆಯ ಸಂತತಿ. ಗೂಗಲ್ ಲೆನ್ಸ್‌ನಲ್ಲಿ ಚಿತ್ರ ಹಾಕಿದರೆ ಅದು ಮೊದಲು ಎಲ್ಲಿ ಬಂದಿತ್ತು ಎಂಬ ಸುಳಿವು ಸಿಗಬಹುದು.

3. ಒಕ್ಕಣೆಯಲ್ಲಿ ದಿನಾಂಕ, ಜಾಗ, ಇಲಾಖೆಯ ಹೆಸರು ಇದೆಯೇ? ‘ಎಲ್ಲರಿಗೂ ಕಳಿಸಿ’ ಎಂಬುದು ಮಾತ್ರ ಇದ್ದರೆ ಅನುಮಾನಿಸಿ.

4. ಚಿತ್ರ ಕರ್ನಾಟಕದ್ದೇ ಎಂದು ಖಾತ್ರಿಯಾದರೆ ಗುಂಪಿಗೆ ಕಳಿಸಬೇಡಿ. ಅರಣ್ಯ ಇಲಾಖೆಗೆ ಕೊಡಿ. ಗುಂಪಿಗೆ ಹೋದ ಚಿತ್ರ ತಪ್ಪಿತಸ್ಥನಿಗೂ ಎಚ್ಚರಿಕೆ ಕೊಡುತ್ತದೆ.

ಆಸ್ಟ್ರೇಲಿಯಾದ ಬಿಲ್ಲುಗಾರನನ್ನು ನೀವು ಮೆಚ್ಚಬೇಕೆಂದೇನೂ ಇಲ್ಲ. ಕೊಂಬಿನ ಜೊತೆ ಫೋಟೊ ತೆಗೆಸಿಕೊಳ್ಳಲು ಒಂದು ಜೀವ ತೆಗೆಯುವುದು ಸರಿಯಲ್ಲ ಎನಿಸಿದರೆ ಆ ಭಾವನೆಗೆ ಬೆಲೆಯಿದೆ. ಆದರೆ ‘ಅಳಿವಿನಂಚಿನ ಕಾಡೆಮ್ಮೆಯನ್ನು ಉಳಿಸಿ’ ಎಂಬ ಸಿಟ್ಟು ಸಮುದ್ರ ದಾಟಿ ಹೋಗುವ ಅಗತ್ಯವಿಲ್ಲ. ಉಳಿಸಬೇಕಾದ ಆ ಪ್ರಾಣಿ ಬ್ರಹ್ಮಪುತ್ರದ ಹುಲ್ಲುಗಾವಲಿನಲ್ಲಿದೆ.